ಅಂತರಂಗದ ಕದಲಿಕೆ

ಕಾರವಾರ, ಅಂಕೋಲಾ ಸೀಮೆಯ ಶರಣಬಂಧುಗಳು ಕೂಡಿದಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರದ ಮಾತು ಬಾರದೆ ಇರದು. ಹೊರದೇಶದ ಸ್ಥಾವರಕ್ಕೆ ಬೆಂಕಿ ಬಿದ್ದಂತೆ ಕಾಳಿ ನದಿಯ ದಡದಲ್ಲಿಯೂ ಬಿದ್ದೀತೆ ಎಂಬ ಅಂಜಿಕೆಯೂ ಒಡನೆ ಮೂಡುತ್ತದೆ. ಅಂಜಿಕೆಗೆ ಅರಿವೇ ಮದ್ದು. ಆದುದರಿಂದ ಈ ಸಂಗತಿಯನ್ನು ಸಾವಧಾನದಿಂದ ವಿಚಾರಿಸೋಣ.

ಅಣುವಿದಳನವು ಎಡೆಬಿಡದೆ ನಡೆಯಬೇಕಾದರೆ ನ್ಯೂಟ್ರಾನ್ ಕಣಗಳ ವೇಗವನ್ನು ತಗ್ಗಿಸಬೇಕು. ಇಂಗ್ಲೆಂಡಿನ ವಿಂಡ್‌ಸ್ಕೇಲ್ ಸ್ಥಾವರದಲ್ಲಿ ಇದಕ್ಕೆ ಗ್ರಾಫೈಟನ್ನು ಬಳಸಿದ್ದರು. ಮಕ್ಕಳ ಪೆನ್ಸಿಲಿನ ಕಪ್ಪು ಕಡ್ಡಿಯಲ್ಲಿರುವುದೂ ಇಂಗಾಲದ ಇದೇ ರೂಪವೇ. ಇದರ ಪರಮಾಣುಗಳು ಜೇನುಹುಟ್ಟಿನ ಆರು ಮೂಲೆಯ ಮನೆಗಳಂತೆ ಹೆಣೆದುಕೊಂಡು, ಪದರದ ಮೇಲೆ ಪದರವಾಗಿ ನೆಲೆಸಿರುತ್ತವೆ. ವೇಗದ ನ್ಯೂಟ್ರಾನ್ ಬಡಿದಾಗ ಪರಮಾಣುವೊಂದು ನೆಲೆದಪ್ಪಿ ಸಿಡಿದು, ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಬಿಟ್ಟ ಸ್ಥಾನ ಬರಿದಾಗುತ್ತದೆ. ಇಂಥ ಏಟುಗಳು ಕೂಡಿದಂತೆಲ್ಲ ಪದರಗಳ ನಡುವಿನ ಅಂತರ ಹಿಗ್ಗುತ್ತದೆ, ಪದರದ ಅಗಲ ಕುಗ್ಗುತ್ತದೆ. ಸ್ಥಾನಪಲ್ಲಟಗೊಂಡ ಪರಮಾಣುಗಳಿಂದಾಗಿ ಗ್ರಾಫೈಟಿನೊಳಗೆ ಶಕ್ತಿಯು ಅಡಗಿ ಸಂಚಯವಾಗುತ್ತದೆ. ಭೌತವಿಜ್ಞಾನಿ ಯೂಜಿನ್ ವಿಗ್ನರ್ ಅವರು ಇದನ್ನು 1940ರ ದಶಕದ ಆರಂಭದಲ್ಲಿಯೇ ಮುಂಗಂಡಿದ್ದರು.

ಗ್ರಾಫೈಟನ್ನು ಹದವರಿತು ಕಾಯಿಸಿದರೆ ಪರಮಾಣುಗಳು ಬಹುಮಟ್ಟಿಗೆ ಸ್ವಸ್ಥಾನಕ್ಕೆ ಮರಳಿ, ಅಡಗಿದ ಶಕ್ತಿ ಶಾಖವಾಗಿ ಹೊರಬೀಳುತ್ತದೆ. 1957ರ ಅಕ್ಟೋಬರಿನಲ್ಲಿ ವಿಂಡ್‌ಸ್ಕೇಲಿನಲ್ಲಿ ಹೀಗೆ ಕಾಯಿಸುವಾಗಲೇ ಶಾಖವು ಹಿಡಿತ ಮೀರಿ, ಒಳಗಿನ ಇಂಧನಕ್ಕೆ ಬೆಂಕಿ ಹತ್ತಿತು. ವಿಕಿರಣದ ಅಂಶ ಹುಲ್ಲಿಗೂ ಹಾಲಿಗೂ ಸೇರಿತು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಬೇಕಾಯಿತು.

ಕೈಗಾದ ಸ್ಥಿತಿ ಬೇರೆ. 2000ದಿಂದ 2011ರವರೆಗೆ ಒಂದೊಂದಾಗಿ ವಾಣಿಜ್ಯ ಉತ್ಪಾದನೆಗೆ ತೊಡಗಿದ, ತಲಾ 220 ಮೆಗಾವಾಟ್ ಸಾಮರ್ಥ್ಯದ ಅಲ್ಲಿಯ ನಾಲ್ಕು ಘಟಕಗಳಲ್ಲಿ ನ್ಯೂಟ್ರಾನಿನ ವೇಗವನ್ನು ತಗ್ಗಿಸುವುದು ಭಾರಜಲ. ಗ್ರಾಫೈಟೇ ಇಲ್ಲದ ಮೇಲೆ ಗ್ರಾಫೈಟಿನಲ್ಲಡಗಿದ ಶಕ್ತಿಯ ಭಯಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ನ್ಯೂಟ್ರಾನಿನ ಏಟು ಲೋಹವನ್ನೂ ಬಿಡದು. ಪ್ರತಿ ಘಟಕದಲ್ಲಿ ಇಂಧನವನ್ನು ಧರಿಸಿರುವ 306 ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು ವರ್ಷಗಳುರುಳಿದಂತೆ ಉದ್ದವಾಗುತ್ತವೆ, ನಡುವೆ ತುಸು ಜೋಲುತ್ತವೆ. ಅವುಗಳನ್ನು ಕಾಲಕಾಲಕ್ಕೆ ಅಳೆದು ಪರೀಕ್ಷಿಸಬೇಕು. ಆಯುಷ್ಯ ತೀರಿದಾಗ ಬದಲಿಸಲೇಬೇಕು.

ಬಹಿರಂಗದ ನಿಶ್ಚಲತೆಯನ್ನು ಕಂಡು ಅಂತರಂಗವೂ ನೆಟ್ಟಗಿದೆಯೆಂದು ಬಗೆಯಬಾರದೆಂಬುದು ಶರಣಧರ್ಮದ ತಿಳಿವಳಿಕೆ. ಜಡವಸ್ತುವಿಗೂ ಈ ಮಾತು ಸಲ್ಲುತ್ತದೆ. ಕೈಗಾದ ನೆರೆಯಲ್ಲಿ ಬಾಳುವವರಿಗೆ ಕುರುಡು ಭಯವೂ ಬೇಡ, ಕುರುಡು ನಂಬಿಕೆಯೂ ಬೇಡ. ಕೊಳವೆಗಳ ಪರೀಕ್ಷೆ ಯಾವಾಗ ಆಯಿತು, ಏನು ಕಂಡುಬಂತು ಎಂದು ವಿನಯದಿಂದ, ಆದರೆ ಬಿಡದೆ ಕೇಳುವುದು ನಾಗರಿಕರ ಹಕ್ಕು; ಅದೇ ಅವರ ಕಾಯಕವೂ ಹೌದು.