ಅಂಗಡಿ ಮುಚ್ಚಿ, ಕೀಲಿಕೈ ಬಿಟ್ಟುಹೋಗಿ

2013ರ ಆಗಸ್ಟ್‌ನಲ್ಲಿ ಡಿಸ್ನಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. 10 ವರ್ಷಗಳಿಂದ ನಡೆಯುತ್ತಿದ್ದ ‘ಟೂನ್‌ಟೌನ್’ ಎಂಬ ಆನ್‌ಲೈನ್ ಆಟ ಸೆಪ್ಟೆಂಬರ್ 19ರಂದು ಮುಚ್ಚುತ್ತದೆ ಎಂದು. ಆಟ ಅಮೆರಿಕದ್ದು, ಮಕ್ಕಳಿಗೆಂದೇ ಮಾಡಿದ್ದು, ಅಪ್ಪ-ಅಮ್ಮಂದಿರೂ ಪಕ್ಕದಲ್ಲಿ ಕೂತು ಆಡುತ್ತಿದ್ದುದು. ಕೊನೆಯ ಒಂದು ತಿಂಗಳು ಚಂದಾ ಇಲ್ಲದೆ ಎಲ್ಲರಿಗೂ ಪೂರ್ತಿ ಆಟ ತೆರೆದಿಟ್ಟರು. ಆಟಗಾರರು ಮನವಿ ಬರೆದರು, ಸಹಿ ಸಂಗ್ರಹಿಸಿದರು, ದಯವಿಟ್ಟು ಮುಚ್ಚಬೇಡಿ ಎಂದು ಅಂಗಲಾಚಿದರು. ಕೊನೆಯ ದಿನ ಆಟದೊಳಗೇ ಗುಂಪುಗೂಡಿ ಒಬ್ಬರಿಗೊಬ್ಬರು ವಿದಾಯ ಹೇಳಿಕೊಂಡರು. ಹೇಳಿದ ದಿನಕ್ಕೆ ಸರಿಯಾಗಿ ಸರ್ವರ್ ನಿಂತಿತು.

ಆ ಆಟಗಾರರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಅವರು ಕೇಳಬಾರದ್ದನ್ನು ಕೇಳಿದರು. ‘ಮುಚ್ಚಬೇಡಿ’ ಎಂದು ಬೇಡಿದವನಿಗೆ ಕಂಪನಿ ‘ಆಗುವುದಿಲ್ಲ’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಕೇಳಬೇಕಾದದ್ದು ಬೇರೆ: ‘ಮುಚ್ಚುವುದಾದರೆ ಮುಚ್ಚಿ, ಕೀಲಿಕೈ ನಮಗೆ ಬಿಟ್ಟುಹೋಗಿ.’ ಇದಕ್ಕೆ ‘ಆಗುವುದಿಲ್ಲ’ ಎನ್ನುವವನು ಯಾಕೆ ಆಗುವುದಿಲ್ಲ ಎಂದು ಹೇಳಬೇಕಾಗುತ್ತದೆ. ಆ ಕಾರಣಗಳನ್ನು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು, ಹೋದದ್ದು ಏನು ಎಂಬುದು ಗೊತ್ತಿರಲಿ.

ಟೂನ್‌ಟೌನ್ ಒಂದು ಬಣ್ಣಬಣ್ಣದ ಊರು. ಆಡುವವರು ನಾಯಿ, ಬೆಕ್ಕು, ಬಾತುಕೋಳಿಗಳಾಗಿ ಅಲ್ಲಿ ಓಡಾಡುತ್ತಾರೆ. ಆ ಊರಿನ ಮೇಲೆ ‘ಕಾಗ್’ ಎಂಬ ಯಂತ್ರಮನುಷ್ಯರು ದಾಳಿ ಮಾಡುತ್ತಾರೆ. ಎಲ್ಲರೂ ಸೂಟು ಹಾಕಿದವರು, ಎಲ್ಲರೂ ಕಾರ್ಪೊರೇಟ್ ನೌಕರರು. ಮಾರಾಟ, ಹಣಕಾಸು, ಕಾನೂನು, ಆಡಳಿತ ಎಂದು ಅವರಲ್ಲಿ ನಾಲ್ಕು ಪಂಗಡ. ಒಬ್ಬನ ಹೆಸರು ಯೆಸ್‌ಮ್ಯಾನ್, ಇನ್ನೊಬ್ಬ ಮೈಕ್ರೋಮ್ಯಾನೇಜರ್, ಮತ್ತೊಬ್ಬ ಡೌನ್‌ಸೈಸರ್. ಊರಿನ ಒಂದೊಂದೇ ಅಂಗಡಿಯನ್ನು ಹಿಡಿದು ಬೂದುಬಣ್ಣದ ಆಫೀಸು ಕಟ್ಟಡವಾಗಿ ಬದಲಿಸುವುದು ಅವರ ಕೆಲಸ. ಮಕ್ಕಳು ಆ ಕಟ್ಟಡಕ್ಕೆ ನುಗ್ಗಿ, ಮಹಡಿ ಮಹಡಿ ಹತ್ತಿ, ಕ್ರೀಮ್ ಕಡುಬು ಎಸೆದು, ನೀರು ಚಿಮ್ಮಿಸಿ ಅವರನ್ನು ಸೋಲಿಸಬೇಕು. ಯಾಕೆಂದರೆ ಕಾಗ್‌ಗಳಿಗೆ ತಮಾಷೆ ತಡೆದುಕೊಳ್ಳಲು ಬರುವುದಿಲ್ಲ. ಅಲ್ಲಿ ಯಾರೂ ಸಾಯುವುದಿಲ್ಲ. ಆಯಸ್ಸನ್ನು ನಗೆಯಲ್ಲಿ ಅಳೆಯುತ್ತಾರೆ. ನಗೆ ಖಾಲಿಯಾದರೆ ಪಾತ್ರ ಸಪ್ಪಗಾಗುತ್ತದೆ, ಆಟದ ಬಯಲಿಗೆ ಮರಳಿ ಚೇತರಿಸಿಕೊಳ್ಳುತ್ತದೆ. ಮಕ್ಕಳು ಅಪರಿಚಿತರೊಂದಿಗೆ ಮಾತಾಡಬೇಕಾದರೆ ಮೊದಲೇ ಬರೆದಿಟ್ಟ ಪಟ್ಟಿಯಿಂದ ವಾಕ್ಯ ಆರಿಸಬೇಕಿತ್ತು. ಅಪಾಯ ಎಲ್ಲಿಂದ ಬರುತ್ತದೆ ಎಂದು ಯೋಚಿಸಿ ಕಟ್ಟಿದ ಊರು ಅದು.

ಕೊನೆಗೆ ಅದನ್ನು ಮುಚ್ಚಿಸಿದವರು ಯಾರು? ಸೂಟು ಹಾಕಿದವರೇ. ಯಾವ ಕಡುಬೂ ಅವರಿಗೆ ತಾಗಲಿಲ್ಲ. ಆಟ ಬರೆದವರು ಇಷ್ಟು ನಿಖರವಾಗಿ ತಮ್ಮ ಅಂತ್ಯವನ್ನು ಮೊದಲೇ ಬರೆದಿಟ್ಟದ್ದು ವಿಚಿತ್ರವೇ.

ಇನ್ನು ಕಾರಣಗಳಿಗೆ ಬರೋಣ.

ಮೊದಲನೆಯದು ಖರ್ಚು. ಸರ್ವರ್‌ಗೆ ದುಡ್ಡು ಬೇಕು, ನೋಡಿಕೊಳ್ಳುವ ಜನ ಬೇಕು, ಆಡುವವರು ಕಡಿಮೆಯಾದರೆ ಕಂಪನಿ ಎಷ್ಟು ದಿನ ನಷ್ಟ ತಿನ್ನಬೇಕು? ನ್ಯಾಯವಾದ ಪ್ರಶ್ನೆ. ಅದಕ್ಕೇ ಹೇಳಿದ್ದು, ನೀವು ನಡೆಸಬೇಡಿ ಎಂದು. ಆನ್‌ಲೈನ್ ಆಟ ಎರಡು ತುಂಡು. ಒಂದು ನಮ್ಮ ಕಂಪ್ಯೂಟರ್‌ನಲ್ಲಿ ಇರುತ್ತದೆ, ಇನ್ನೊಂದು ಕಂಪನಿಯ ಸರ್ವರ್‌ನಲ್ಲಿ. ಆ ಎರಡನೆಯದು ನಿಂತ ಕ್ಷಣ ನಮ್ಮ ಹತ್ತಿರ ಇರುವ ತುಂಡು ಕೆಲಸಕ್ಕೆ ಬಾರದ್ದಾಗುತ್ತದೆ. ಸರ್ವರ್‌ನ ತುಂಡನ್ನು ಬಿಟ್ಟುಕೊಟ್ಟರೆ ನಡೆಸುವ ಖರ್ಚು ಆಡುವವರದು. ಅವರಿಗೆ ಅದು ಸಾಧ್ಯವೇ? ಟೂನ್‌ಟೌನ್ ಮುಚ್ಚಿದ ಮೇಲೆ ಅದರ ಅಭಿಮಾನಿಗಳು ಬಿಡುವಿನ ವೇಳೆಯಲ್ಲಿ ಕೂತು ‘ಟೂನ್‌ಟೌನ್ ರೀರಿಟನ್’ ಎಂಬ ಹೆಸರಿನಲ್ಲಿ ಇಡೀ ಆಟವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಆಡುವವರಿಂದ ಒಂದು ಡಾಲರ್ ಕೇಳಲಿಲ್ಲ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮೂಲ ಆಟ ನಿಂತಿದ್ದು ‘ಪಾಂಡಾ3ಡಿ’ ಎಂಬ ಎಂಜಿನ್ ಮೇಲೆ. ಅದನ್ನು ಕಟ್ಟಿದ್ದು ಡಿಸ್ನಿಯೇ, 2002ರಲ್ಲಿ ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟುಕೊಟ್ಟದ್ದೂ ಡಿಸ್ನಿಯೇ. ಎಂದೋ ಒಮ್ಮೆ ಕೈ ಬಿಚ್ಚಿ ಕೊಟ್ಟದ್ದರಿಂದಲೇ ಆ ಊರು ಮತ್ತೆ ಏಳಲು ಸಾಧ್ಯವಾಯಿತು.

ನಡೆಸುವುದು ನಮಗೇನು ಹೊಸದೇ? ಮುಂಬೈಯಲ್ಲಿ, ಪುಣೆಯಲ್ಲಿ, ದೆಹಲಿಯಲ್ಲಿ ಕನ್ನಡ ಸಂಘಗಳನ್ನು ನಡೆಸುವವರು ಯಾರು? ಹಗಲು ನೌಕರಿ ಮಾಡಿ, ಸಂಜೆ ಸಭಾಂಗಣದ ಬಾಡಿಗೆ ಹೊಂದಿಸಿ, ಭಾನುವಾರ ತಾವೇ ಕುರ್ಚಿ ಹಾಕುವವರು. ಲಾಭವಿಲ್ಲ ಎಂಬ ಕಾರಣಕ್ಕೆ ಯಾವ ಸಂಘವೂ ಬಾಗಿಲು ಹಾಕಿದ್ದಿಲ್ಲ, ಯಾಕೆಂದರೆ ಲಾಭಕ್ಕಾಗಿ ಬಾಗಿಲು ತೆರೆದದ್ದೇ ಅಲ್ಲ.

ಎರಡನೆಯ ಕಾರಣ ಮಕ್ಕಳ ಸುರಕ್ಷತೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಡಿಸ್ನಿಯದೇ ಇನ್ನೊಂದು ಆಟ ‘ಕ್ಲಬ್ ಪೆಂಗ್ವಿನ್’. 2005ರಲ್ಲಿ ಕೆನಡಾದಲ್ಲಿ ಶುರುವಾಯಿತು, 2007ರಲ್ಲಿ ಡಿಸ್ನಿ ಅದನ್ನು 35 ಕೋಟಿ ಡಾಲರ್‌ಗೆ ಕೊಂಡಿತು, 2017ರ ಮಾರ್ಚ್‌ನಲ್ಲಿ ಮುಚ್ಚಿತು. ಆಮೇಲೆ ಅದರ ನಕಲುಗಳು ಹುಟ್ಟಿಕೊಂಡವು. ಅವುಗಳಲ್ಲಿ ಒಂದರಲ್ಲಿ ಮಕ್ಕಳ ಕಣ್ಣಿಗೆ ಬೀಳಬಾರದ ಮಾತುಗಳು ಎಗ್ಗಿಲ್ಲದೆ ಓಡಾಡುತ್ತಿದ್ದುದನ್ನು 2020ರಲ್ಲಿ ಬಿಬಿಸಿ ಬಯಲಿಗೆಳೆಯಿತು, ಡಿಸ್ನಿ ಅದನ್ನು ಮುಚ್ಚಿಸಿತು. ಮುಚ್ಚಿಸಿದ್ದು ಸರಿ. ಆದರೆ ಆ ನಕಲು ಹುಟ್ಟಿದ್ದು ಹೇಗೆ? ಮೂಲ ಆಟಕ್ಕೆ ಮುಂಬಾಗಿಲು ಇಲ್ಲದಂತೆ ಮಾಡಿದಾಗ ಜನ ಹಿತ್ತಲ ಬಾಗಿಲು ಹುಡುಕಿದರು. ಹಿತ್ತಲಲ್ಲಿ ಕಾವಲು ಇರುವುದಿಲ್ಲ. ಷರತ್ತು ಹಾಕಿ ಪರವಾನಗಿ ಕೊಟ್ಟಿದ್ದರೆ, ಮಕ್ಕಳ ಸಂಭಾಷಣೆಗೆ ಇಂಥ ಜರಡಿ ಇರಲೇಬೇಕು, ಇಲ್ಲದಿದ್ದರೆ ಪರವಾನಗಿ ರದ್ದು ಎಂದು ಬರೆಸಿಕೊಂಡಿದ್ದರೆ, ಒಳ್ಳೆಯ ಕೈಗೂ ಕೆಟ್ಟ ಕೈಗೂ ವ್ಯತ್ಯಾಸ ಮಾಡಬಹುದಿತ್ತು. ಪರವಾನಗಿಯೇ ಇಲ್ಲದ ಕಡೆ ಎಲ್ಲರೂ ಕಳ್ಳರೇ. 2022ರ ಏಪ್ರಿಲ್‌ನಲ್ಲಿ ‘ಕ್ಲಬ್ ಪೆಂಗ್ವಿನ್ ರೀರಿಟನ್’ ಎಂಬ ಇನ್ನೊಂದು ನಕಲನ್ನು ಲಂಡನ್ ನಗರದ ಪೊಲೀಸರು ವಶಕ್ಕೆ ಪಡೆದು ಮೂವರನ್ನು ಬಂಧಿಸಿದರು. ಒಂದೇ ಕಂಪನಿಯ ಎರಡು ಸತ್ತ ಆಟಗಳು. ಒಂದನ್ನು ಎಬ್ಬಿಸಿದವರು ನಿಶ್ಚಿಂತೆಯಿಂದಿದ್ದಾರೆ, ಇನ್ನೊಂದನ್ನು ಎಬ್ಬಿಸಿದವರ ಬಾಗಿಲಿಗೆ ಪೊಲೀಸರು. ಕಂಪನಿಯ ಮೌನವನ್ನೇ ನಂಬಿ ಯಾರೂ ಊರು ಕಟ್ಟುವಂತಾಗಬಾರದು.

ಮೂರನೆಯ ಕಾರಣ ಆಸ್ತಿಯ ಹಕ್ಕು. ನಮ್ಮ ಪಾತ್ರ, ನಮ್ಮ ಹೆಸರು, ನಮ್ಮ ಕೋಡ್, ಬೇರೆಯವರಿಗೆ ಯಾಕೆ ಕೊಡಬೇಕು? ಕೊಟ್ಟವರು ಇದ್ದಾರೆ, ಕೊಟ್ಟು ಬಡವಾಗಲಿಲ್ಲ. ‘ಗ್ಲಿಚ್’ ಎಂಬ ಆಟದ ಹೆಸರು ನಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ಹೊಡೆದಾಟವಿಲ್ಲದ, ಗಿಡ ಬೆಳೆಸಿ, ಅಡುಗೆ ಮಾಡಿ, ಒಬ್ಬರಿಗೊಬ್ಬರು ನೆರವಾಗುವ ಸೌಮ್ಯ ಆಟ. 2012ರ ಡಿಸೆಂಬರ್ 9ರಂದು ಮುಚ್ಚಿತು. ಮರುವರ್ಷ ಆ ಕಂಪನಿ ಆಟದ ಚಿತ್ರಗಳನ್ನೂ ಕೋಡ್‌ನ ದೊಡ್ಡ ಭಾಗವನ್ನೂ ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಸಾರ್ವಜನಿಕರಿಗೆ ಬಿಟ್ಟಿತು. ಆ ಕಂಪನಿ ದಿವಾಳಿಯಾಯಿತೇ? ಆಟ ಕಟ್ಟುವಾಗ ತಮ್ಮೊಳಗೆ ಮಾತಾಡಿಕೊಳ್ಳಲು ಅವರು ಮಾಡಿಕೊಂಡಿದ್ದ ಒಂದು ಉಪಕರಣವನ್ನು ಮಾರುಕಟ್ಟೆಗೆ ತಂದರು. ಅದೇ ಸ್ಲ್ಯಾಕ್. ಈ ಲೇಖನ ಓದುತ್ತಿರುವ ಹಲವರ ಆಫೀಸಿನಲ್ಲಿ ಅದು ಈಗಲೂ ತೆರೆದಿರಬಹುದು.

ಇನ್ನೊಂದು ಉದಾಹರಣೆ ‘ಸಿಟಿ ಆಫ್ ಹೀರೋಸ್’. 2012ರ ನವೆಂಬರ್ 30ರಂದು ಎನ್‌ಸಿಸಾಫ್ಟ್ ಅದನ್ನು ಮುಚ್ಚಿತು. ಅದಕ್ಕೂ ಮುನ್ನ ಆಟಗಾರರು ಆಟದೊಳಗಿನ ಚೌಕದಲ್ಲಿ ಪಂಜು ಹಿಡಿದು ಸಾಲುಸಾಲಾಗಿ ನಿಂತಿದ್ದರು. ಕೆಲವರು ಗುಟ್ಟಾಗಿ ಒಂದು ಸರ್ವರ್ ನಡೆಸಿದರು, 2019ರಲ್ಲಿ ಗುಟ್ಟು ರಟ್ಟಾಯಿತು. ಕೊನೆಗೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ತಾನೇ ‘ಹೋಮ್‌ಕಮಿಂಗ್’ ಎಂಬ ಅಭಿಮಾನಿಗಳ ತಂಡಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ. 11 ವರ್ಷ ತಡವಾಗಿ ಮಾಡಿದ ಕೆಲಸವನ್ನು ಮೊದಲ ದಿನವೇ ಮಾಡಲು ಅಡ್ಡಿ ಏನಿತ್ತು?

ನಾಲ್ಕನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ನೀವು ಏನನ್ನೂ ಕೊಂಡಿಲ್ಲ, ಬಳಸಲು ಅನುಮತಿ ಪಡೆದಿದ್ದೀರಿ ಅಷ್ಟೇ. ಹಾಗಿದ್ದರೆ ಗುಂಡಿಯ ಮೇಲೆ ‘ಖರೀದಿಸಿ’ ಎಂದು ಯಾಕೆ ಬರೆದಿರಿ? ಕ್ಯಾಲಿಫೋರ್ನಿಯಾ ಈ ಪ್ರಶ್ನೆ ಕೇಳಿತು. 2025ರಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ, ಮಾರುತ್ತಿರುವುದು ಬರೀ ಪರವಾನಗಿಯಾದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು. ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯೂಬಿಸಾಫ್ಟ್ 2024ರ ಮಾರ್ಚ್‌ನಲ್ಲಿ ‘ದಿ ಕ್ರೂ’ ಎಂಬ ಕಾರ್ ರೇಸ್ ಆಟದ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ಡಿಸ್ಕ್ ಕೊಂಡವರ ಮನೆಯಲ್ಲೂ ಆಟ ಸತ್ತಿತು. ಆಗ ರಾಸ್ ಸ್ಕಾಟ್ ಎಂಬಾತ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರುಮಾಡಿದ. ಸರ್ವರ್ ಅನ್ನು ಶಾಶ್ವತವಾಗಿ ನಡೆಸಿ ಎಂದು ಅವರು ಕೇಳಲಿಲ್ಲ. ಹೋಗುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದು ಮಾತ್ರ ಕೇಳಿದರು. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ಅವರ ನಾಗರಿಕ ಮನವಿಗೆ 2025ರಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಟೂನ್‌ಟೌನ್‌ಗೆ ಸಹಿ ಹಾಕಿದವರು ಕಂಪನಿಯ ದಯೆ ಕೇಳಿದ್ದರು. ಇವರು ಕಾನೂನು ಕೇಳಿದರು.

ಇಲ್ಲಿಯವರೆಗೆ ಕಂಪನಿಗಳನ್ನು ಬೈದೆ. ಇನ್ನು ನಮ್ಮ ಸರದಿ.

ಕಂಪನಿ ಎಂದರೆ ಯಾರು? ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಟಿಕೆಟ್ ಮುಚ್ಚುವ ನಾನೂ ನೀವೂ ಕೂಡ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಸೇವೆಯನ್ನು ನಿಲ್ಲಿಸುವ ಹೊಣೆ ನನ್ನ ತಂಡಕ್ಕೆ ಬಂತು. ಆಟವಲ್ಲ, ಜನ ತಮ್ಮ ಫೋಟೋ, ಬರಹ ಹಂಚಿಕೊಳ್ಳುತ್ತಿದ್ದ ಒಂದು ಸಣ್ಣ ತಾಣ. ಇದಕ್ಕೆ ನಮ್ಮ ಭಾಷೆಯಲ್ಲಿ ‘ಸನ್‌ಸೆಟ್’ ಎನ್ನುತ್ತಾರೆ. ಸೂರ್ಯನಾದರೋ ಮುಳುಗಿದ ಮೇಲೆ ಮರುದಿನ ಹುಟ್ಟುತ್ತಾನೆ. ಮೀಟಿಂಗ್‌ನಲ್ಲಿ ಮರುಪಾವತಿಯ ಮಾತು ಬಂತು, ದಿನಾಂಕದ ಮಾತು ಬಂತು, ಮೇಲ್‌ನ ಒಕ್ಕಣೆ ಮೃದುವಾಗಿರಬೇಕು ಎಂಬ ಮಾತು ಬಂತು. ಬಳಸುವವರು ತಮ್ಮದನ್ನು ಹೊತ್ತುಕೊಂಡು ಹೋಗಲು ದಾರಿ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಎರಡು ದಿನದ ಕೆಲಸ, ಮಾಡಬಹುದಿತ್ತು. ಮೇಲ್‌ನ ಒಕ್ಕಣೆ ಮಾತ್ರ ನಾನೇ ತಿದ್ದಿಕೊಟ್ಟೆ. ‘ನಿಮ್ಮ ಪಯಣದ ಭಾಗವಾಗಿದ್ದಕ್ಕೆ ನಮಗೆ ಹೆಮ್ಮೆ’ ಎಂಬ ಸಾಲು ನನ್ನದೇ. ಇಂದಿಗೂ ಅದು ನೆನಪಾದರೆ ಮೈ ಮುದುಡುತ್ತದೆ.

ಆದ್ದರಿಂದ ನನ್ನ ಬೇಡಿಕೆ ಎರಡು. ಆಡುವವರಿಗೆ: ಮುಂದಿನ ಸಲ ನಿಮ್ಮ ಮಗಳ ಆಟ ಮುಚ್ಚುವ ಸುದ್ದಿ ಬಂದಾಗ ‘ದಯವಿಟ್ಟು’ ಎಂದು ಬರೆಯಬೇಡಿ. ಸರ್ವರ್ ತಂತ್ರಾಂಶ ಕೊಡಿ, ಇಲ್ಲವೇ ಸರ್ವರ್ ಇಲ್ಲದೆ ಆಡುವಂತೆ ಕೊನೆಯ ಅಪ್‌ಡೇಟ್ ಕೊಡಿ, ಇಲ್ಲವೇ ನಡೆಸುವವರಿಗೆ ಷರತ್ತಿನ ಪರವಾನಗಿ ಕೊಡಿ ಎಂದು ಬರೆಯಿರಿ. ಕಟ್ಟುವವರಿಗೆ: ಸೇವೆ ಶುರುಮಾಡುವ ದಿನವೇ ಅದರ ಕೊನೆಯ ದಿನದ ಯೋಜನೆಯನ್ನೂ ಬರೆದಿಡಿ. ಮುಚ್ಚುವ ಮೀಟಿಂಗ್‌ನಲ್ಲಿ ಕೂತಾಗ ಆ ಒಂದು ಪ್ರಶ್ನೆ ಕೇಳಿ. ಕೇಳಿದ್ದಕ್ಕೆ ಯಾರೂ ನೌಕರಿಯಿಂದ ತೆಗೆಯುವುದಿಲ್ಲ.

ಬರೀ ಆಟಕ್ಕೆ ಇಷ್ಟೊಂದು ಮಾತು ಬೇಕೇ ಎನ್ನುವವರು ಒಮ್ಮೆ ಹಂಪಿಗೆ ಹೋಗಿ, ಅಲ್ಲಿನ ಮಂಟಪಗಳ ಕಲ್ಲುಹಾಸನ್ನು ನೋಡಲಿ. ಆಟದ ಮನೆಗಳನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. 1565ರಲ್ಲಿ ವಿಜಯನಗರದ ಸೇನೆ ಸೋತಿತು, ನಗರ ಹಾಳಾಯಿತು, ಅರಮನೆಗಳ ಅಡಿಪಾಯ ಮಾತ್ರ ಉಳಿಯಿತು. ಆ ಮನೆಗಳ ಮುಂದೆ ಇವತ್ತು ಯಾರು ಬೇಕಾದರೂ ಕೂತು ನಾಲ್ಕು ಹರಳು ಆರಿಸಿಕೊಂಡು ಆಡಬಹುದು. ಅಳಗುಳಿಮನೆಗೆ, ಚೌಕಾಬಾರಕ್ಕೆ, ಆಡು-ಹುಲಿಗೆ ಪಾಸ್‌ವರ್ಡ್ ಇಲ್ಲ. ಅಜ್ಜಿ ಕಲಿಸಿದರೆ ಮೊಮ್ಮಗಳು ಆಡುತ್ತಾಳೆ. ಟೂನ್‌ಟೌನ್ ಆಡಿ ಬೆಳೆದ ಮಗು ಈಗ ತಾಯಿಯಾಗಿರಬಹುದು. ತನ್ನ ಮಗುವಿಗೆ ಅವಳು ಆ ಊರನ್ನು ತೋರಿಸಬೇಕಾದರೆ, ಕೆಲವು ಅಭಿಮಾನಿಗಳ ಹಟ ಮತ್ತು ಒಂದು ಕಂಪನಿಯ ಮೌನ, ಇವೆರಡೂ ಹೀಗೇ ಮುಂದುವರಿಯಬೇಕು. ಇದು ಸಾಲದು. ಇದನ್ನು ಹಕ್ಕಾಗಿ ಬರೆಸಿಕೊಳ್ಳಬೇಕು.