ತರಗೆಲೆಯ ಕಷಾಯ

ಮುಂಗಾರಿನ ಮೊದಲ ಮಳೆ ನಿಂತ ಮೇಲೆ ಮಲೆನಾಡಿನ ಕಾಡಿನಲ್ಲಿ ನಡೆದವರು ಬಲ್ಲರು: ತರಗೆಲೆಯ ರಾಶಿಯ ನಡುವೆ ನಿಂತ ನೀರು ಹಾಲು ಬೆರೆಸದ ಚಹದ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕೊಳಕು ನೀರೆಂದು ಬಗೆದು ದಾಟಿ ಹೋಗುವುದೇ ವಾಡಿಕೆ. ಆದರೆ ಅದು ಕೊಳಕಲ್ಲ, ಕಷಾಯ. ಎಲೆ, ತೊಗಟೆ, ಕಡ್ಡಿಗಳನ್ನು ಮಳೆಯು ನೆನೆಸಿ, ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಕೊಳೆಯಿಸಿದಾಗ ಬಿಡುಗಡೆಯಾಗುವ ಸಕ್ಕರೆ, ಆಮ್ಲ, ಟ್ಯಾನಿನ್‌ಗಳು ಅದರಲ್ಲಿ ಕರಗಿರುತ್ತವೆ. ವಿಜ್ಞಾನಿಗಳು ಇದನ್ನು ಕರಗಿದ ಸಾವಯವ ದ್ರವ್ಯವೆಂದು ಕರೆಯುತ್ತಾರೆ.

ನೆಲದೊಳಕ್ಕೆ ಇಳಿಯುತ್ತ ಈ ಕಷಾಯವು ತನ್ನ ಗುಣವನ್ನೇ ಬದಲಿಸಿಕೊಳ್ಳುತ್ತದೆ. ಸಮಶೀತೋಷ್ಣ ವಲಯದ ಕಾಡುಗಳಲ್ಲಿ ನಡೆದ ಅಳತೆಗಳಂತೆ, ತರಗೆಲೆಯ ಹಾಸಿನಿಂದ ಆಗತಾನೆ ಇಳಿದ ಒಂದು ಲೀಟರ್ ನೀರಿನಲ್ಲಿ ಸುಮಾರು ೨೦ರಿಂದ ೯೦ ಮಿಲಿಗ್ರಾಂ ಇಂಗಾಲವಿದ್ದರೆ, ಕೆಳಗಿನ ಖನಿಜಮಣ್ಣಿನ ಪದರದಲ್ಲಿ ಅದು ೨ರಿಂದ ೩೫ಕ್ಕೆ ಇಳಿಯುತ್ತದೆ. ಉಳಿದುದು ಎಲ್ಲಿ ಹೋಯಿತು? ಒಂದಷ್ಟನ್ನು ಸೂಕ್ಷ್ಮಜೀವಿಗಳು ತಿಂದು ಇಂಗಾಲದ ಡೈ ಆಕ್ಸೈಡಾಗಿ ಉಸಿರಾಡುತ್ತವೆ. ಬಹುಭಾಗವನ್ನು ಜೇಡಿಯೂ ಕಬ್ಬಿಣ, ಅಲ್ಯುಮಿನಿಯಂಗಳ ಆಕ್ಸೈಡುಗಳೂ ಹಿಡಿದಿಟ್ಟುಕೊಳ್ಳುತ್ತವೆ. ಮರದ ಲಿಗ್ನಿನ್‌ನಿಂದ ಬಂದ ಅಂಶಗಳು ಮೇಲೆಯೇ ಅಂಟಿಕೊಳ್ಳುತ್ತವೆ; ಸೂಕ್ಷ್ಮಜೀವಿಗಳ ದೇಹದಿಂದ ಬಂದವು ಆಳಕ್ಕೆ ಇಳಿಯುತ್ತವೆ.

ಮಣ್ಣನ್ನು ಬರಿಯ ಜರಡಿಯೆಂದು ತಿಳಿಯುವವರಿಗೆ ಇಲ್ಲೊಂದು ಅಚ್ಚರಿ ಕಾದಿದೆ. ಜರಡಿ ಹಿಡಿದುದನ್ನು ಮರಳಿ ಬಿಡುವುದಿಲ್ಲ, ಮಣ್ಣು ಬಿಡುತ್ತದೆ. ೨೦೧೨ರಲ್ಲಿ ಕ್ಲೌಸ್ ಕೈಸರ್ ಮತ್ತು ಕಾರ್ಸ್ಟನ್ ಕಾಲ್ಬಿಟ್ಜ್ ಎಂಬ ವಿಜ್ಞಾನಿಗಳು ಈ ಕ್ರಿಯೆಯನ್ನು ಮೆಟ್ಟಿಲಿಳಿಯುವ ಪಯಣವಾಗಿ ವಿವರಿಸಿದರು. ತುಂಬಿದ ಬಸ್ಸಿಗೆ ಹತ್ತಿದವರು ಮೊದಲಿದ್ದವರನ್ನು ಹಿಂದಕ್ಕೆ ಸರಿಸುವಂತೆ, ಹೊಸದಾಗಿ ಬಂದ ದ್ರವ್ಯವು ಹಳೆಯದನ್ನು ಕದಲಿಸುತ್ತದೆ. ಕದಲಿದುದು ಜೀವಿಗಳ ಆಹಾರವಾಗಿ ಮಾರ್ಪಟ್ಟು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಆದುದರಿಂದಲೇ ಆಳದ ನೀರಿನಲ್ಲಿ ಕರಗಿರುವ ಇಂಗಾಲವು ಮೇಲಿನದಕ್ಕಿಂತ ವಯಸ್ಸಿನಲ್ಲಿ ಹಿರಿದು. ಅದು ಕಳೆದ ವರ್ಷ ಉದುರಿದ ಎಲೆಯದಲ್ಲ.

ಎಲ್ಲ ಮಣ್ಣಿಗೂ ಈ ಶಕ್ತಿ ಇಲ್ಲ. ಅಮೆಜಾನ್ ಸೀಮೆಯ ರಿಯೊ ನೀಗ್ರೊ ನದಿಯ ಹೆಸರಿಗೆ ಕರಿಹೊಳೆ ಎಂದೇ ಅರ್ಥ. ಅದರ ಜಲಾನಯನದ ಬಿಳಿಮರಳಿಗೆ ಕಷಾಯವನ್ನು ತಡೆದು ನಿಲ್ಲಿಸುವ ಜೇಡಿಯಾಗಲಿ ಕಬ್ಬಿಣವಾಗಲಿ ಸಾಲದು. ಬಣ್ಣವೆಲ್ಲ ಹೊಳೆಗೆ ಬರುತ್ತದೆ. ಅದೇ ಸೀಮೆಯಲ್ಲಿ ಜೇಡಿಮಣ್ಣಿನ ದಿಬ್ಬಗಳಿಂದ ಹುಟ್ಟುವ ತೊರೆಗಳಾದರೋ ತಿಳಿಯಾಗಿವೆ. ಮಲೆನಾಡಿನ ಕೆಮ್ಮಣ್ಣು ಈ ಎರಡನೆಯ ಬಗೆಗೆ ಸೇರಿದ್ದು. ಕಬ್ಬಿಣದ ಆಕ್ಸೈಡೇ ಅದರ ಕೆಂಪಿಗೆ ಕಾರಣ.

ಆದರೆ ಹಿಡಿಯಬಲ್ಲ ಮಣ್ಣಿಗೂ ಮೇಲಿನಿಂದ ಏನಾದರೂ ಇಳಿದು ಬರಬೇಕಷ್ಟೆ. ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ತರಗೆಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ, ಗೊಬ್ಬರವಾದ ಮೇಲೆ ತೋಟಕ್ಕೆ ಹಾಕುತ್ತಾರೆ. ಇದನ್ನು ತಪ್ಪೆನ್ನುವುದು ಅನ್ಯಾಯ. ತೋಟದ ಮಣ್ಣೂ ಮಣ್ಣೇ. ಒಂದೇ ಇಳಿಜಾರನ್ನು ವರ್ಷವರ್ಷವೂ ಬರಿದು ಮಾಡುವುದು ಮಾತ್ರ ಸರಿಯಲ್ಲ. ಮಧ್ಯ ಯುರೋಪಿನಲ್ಲಿ ದನಗಳ ಹಾಸಿಗೆಗೆಂದು ಶತಮಾನಗಳ ಕಾಲ ಕಾಡಿನ ನೆಲವನ್ನು ಹೀಗೆ ಗುಡಿಸಿದ್ದರು. ಮಣ್ಣು ಸಾರಗುಂದಿ, ಹುಳಿಯೇರಿ, ಮರಗಳ ಬೆಳವಣಿಗೆಯೇ ಕುಂಠಿತವಾಯಿತು.

ಕಾಡಿನ ಸಂಪತ್ತನ್ನು ಮರಗಳ ಸಂಖ್ಯೆ, ಸುತ್ತಳತೆಗಳಿಂದಲೇ ಲೆಕ್ಕ ಹಾಕುವ ರೂಢಿಯೂ ಇದಕ್ಕೆ ಇಂಬು ಕೊಟ್ಟಿದೆ. ಭೂಮಿಯ ಮೇಲಿನ ಸಸ್ಯಗಳಲ್ಲೂ ವಾಯುಮಂಡಲದಲ್ಲೂ ಇರುವ ಒಟ್ಟು ಇಂಗಾಲಕ್ಕಿಂತ ಹೆಚ್ಚಿನದು ಮಣ್ಣಿನಲ್ಲಿದೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಅಂಕಣ ಬೇಡವೇ? ಬೆಟ್ಟವನ್ನು ಪಾಲು ಮಾಡಿ, ಗುಡಿಸಿದ ಪಾಲಿಗೆ ಎರಡು ಮೂರು ವರ್ಷ ಬಿಡುವು ಕೊಡುವುದು ಅಸಾಧ್ಯವೇನಲ್ಲ. ಎಲೆಯ ಹೊದಿಕೆಯಿಲ್ಲದ ನೆಲಕ್ಕೆ ಆಷಾಢದ ಮಳೆಹನಿ ನೇರವಾಗಿ ಬಡಿಯುತ್ತದೆ. ಆಗ ಹಳ್ಳಕ್ಕೆ ಇಳಿಯುವ ನೀರು ಚಹದ ಬಣ್ಣದ್ದಾಗಿರುವುದಿಲ್ಲ, ಕೆಮ್ಮಣ್ಣಿನ ಬಣ್ಣದ್ದಾಗಿರುತ್ತದೆ.