ತೊಟ್ಟಿಲೂ ಕರಿಹಲಗೆಯೂ

ಗೃಹಕೃತ್ಯಕ್ಕೆ ಸಂಬಂಧಪಟ್ಟ ಒಂದೊಂದು ವಿಷಯವನ್ನು ಈ ಪುಟಗಳಲ್ಲಿ ತಿಂಗಳಿಗೊಮ್ಮೆ ವಿಚಾರಮಾಡುತ್ತಿರುವುದು ವಾಚಕರಿಗೆ ತಿಳಿದೇ ಇದೆ. ಈ ಸಲ ಎತ್ತಿಕೊಳ್ಳುವ ವಿಷಯವು ಉಪಾಧ್ಯಾಯಿನಿಯರಾಗಿರುವ ತಾಯಂದಿರನ್ನು ಕುರಿತದ್ದು. ಮನೆಯಲ್ಲಿ ತೊಟ್ಟಿಲು ತೂಗುತ್ತಿರುವ ವರ್ಷದಲ್ಲಿಯೇ ಶಾಲೆಯಲ್ಲಿ ಕರಿಹಲಗೆಯ ಮುಂದೆಯೂ ನಿಲ್ಲಬೇಕಾಗಿ ಬಂದವಳು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯು ಅನೇಕ ಕುಟುಂಬಗಳಲ್ಲಿ ಹುಟ್ಟುತ್ತದೆ. ಕೆಲವು ಕುಟುಂಬಗಳಲ್ಲಿ ಪ್ರಶ್ನೆಗಿಂತ ಮೊದಲೇ ಉತ್ತರವು ಸಿದ್ಧವಾಗಿರುತ್ತದೆ. "ಮಗು ದೊಡ್ಡದಾಗಲಿ, ಆಮೇಲೆ ನೋಡಿದರಾಯಿತು" ಎಂದು ಹಿರಿಯರು ಹೇಳುತ್ತಾರೆ. ಸೊಸೆಯು ರಾಜೀನಾಮೆಯನ್ನು ಬರೆದುಕೊಡುತ್ತಾಳೆ. ಮಗುವಿನ ತಂದೆಯ ವಿಷಯದಲ್ಲಿ ಹೀಗೆ ಯಾರಾದರೂ ಹೇಳಿದುದನ್ನು ನಾನು ಕೇಳಿದವನಲ್ಲ. ಆದುದರಿಂದ ರಾಜೀನಾಮೆಯ ಕಾಗದಕ್ಕೆ ಕೈಹಾಕುವ ಮುನ್ನ ಆ ಒಂದು ವರ್ಷವನ್ನು ಹೇಗೆ ನಿರ್ವಹಿಸಬಹುದೆಂಬುದನ್ನು ಸಾವಧಾನದಿಂದ ಲೆಕ್ಕಹಾಕಿ ನೋಡುವುದು ಯುಕ್ತ.

ಈ ತೊಡಕಿಗೆ ಮೂಲವು ಎಲ್ಲಿದೆಯೆಂಬುದನ್ನು ಮೊದಲು ತಿಳಿಯಬೇಕು. ಬೋಧನೆಯು ಸ್ತ್ರೀಯರಿಗೆ ತಕ್ಕ ವೃತ್ತಿಯೆಂಬ ಮಾತು ಬಹುಕಾಲದಿಂದ ಇರುವುದಷ್ಟೆ. ಆದರೆ ಆ ಮಾತನ್ನು ಮೊದಲಲ್ಲಿ ಆಡಿದವರ ಕಣ್ಣಮುಂದೆ ಎಳೆಯ ಮಗುವಿನ ತಾಯಿ ಇರಲಿಲ್ಲ. ಸೋದರಿ ಸುಬ್ಬಲಕ್ಷ್ಮಿಯವರು ೧೯೧೨ರಲ್ಲಿ ಮದರಾಸಿನಲ್ಲಿ ಬಾಲವಿಧವೆಯರಿಗಾಗಿ ಒಂದು ಆಶ್ರಯವನ್ನು ತೆರೆದು, ಅವರನ್ನು ಉಪಾಧ್ಯಾಯಿನಿಯರನ್ನಾಗಿ ಸಿದ್ಧಪಡಿಸುವ ಮಹತ್ಕಾರ್ಯವನ್ನು ಕೈಕೊಂಡರು. ಇಂಗ್ಲೆಂಡಿನಲ್ಲಿ ಅನೇಕ ಕಡೆ ಉಪಾಧ್ಯಾಯಿನಿಯು ವಿವಾಹವಾದೊಡನೆಯೇ ಕೆಲಸವನ್ನು ಬಿಡಬೇಕಾಗಿತ್ತು. ೧೯೪೪ರ ವಿದ್ಯಾಶಾಸನವು ಆ ನಿರ್ಬಂಧವನ್ನು ತೆಗೆದುಹಾಕಿತು. ಹೀಗೆ ಮನೆಯಲ್ಲಿ ಶಿಶುವಿಲ್ಲದವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಏರ್ಪಟ್ಟ ಶಾಲೆಯ ದಿನಚರಿಯು ಈಗ ತಾಯಂದಿರ ಪಾಲಿಗೆ ಬಂದಿದೆ. ಗಂಟೆಯು ಹಳೆಯ ಗಂಟೆಯೇ. ಅದನ್ನು ಕೇಳಿ ಓಡುವವಳ ಕಂಕುಳಲ್ಲಿ ಮಾತ್ರ ಕೂಸು ಇದೆ. ಹೀಗಿರಲು ಕಷ್ಟವುಂಟಾದರೆ ಅದನ್ನು ಆಕೆಯ ಅಸಾಮರ್ಥ್ಯವೆಂದು ಎಣಿಸುವುದು ನ್ಯಾಯವಲ್ಲ.

ಇನ್ನು ಶಾಸನವು ಏನನ್ನು ಕೊಡುತ್ತದೆಂಬುದನ್ನು ನೋಡೋಣ. ಪ್ರಸೂತಿ ಸೌಲಭ್ಯದ ಕಾಯಿದೆಯು ೧೯೬೧ರಲ್ಲಿ ಆಯಿತು. ಅದರಲ್ಲಿ ೧೨ ವಾರಗಳಿದ್ದ ರಜೆಯನ್ನು ೨೦೧೭ರ ತಿದ್ದುಪಡಿಯು ಮೊದಲ ಎರಡು ಮಕ್ಕಳ ವಿಷಯದಲ್ಲಿ ೨೬ ವಾರಗಳಿಗೆ ಏರಿಸಿತು. ೨೦೨೦ರ ಸಾಮಾಜಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೇ ೨೬ ವಾರಗಳನ್ನು ಉಳಿಸಿಕೊಂಡಿದ್ದಾರೆ. ಹಿಂದಿನ ೧೨ ತಿಂಗಳಲ್ಲಿ ೮೦ ದಿನ ಕೆಲಸಮಾಡಿದವಳು ಇದಕ್ಕೆ ಅರ್ಹಳು. ಈ ೨೬ ವಾರಗಳಲ್ಲಿ ಹೆರಿಗೆಗೆ ಮುಂಚೆ ೮ ವಾರಗಳವರೆಗೆ ತೆಗೆದುಕೊಳ್ಳಬಹುದು. ಕರ್ನಾಟಕದ ಸರ್ಕಾರಿ ನೌಕರಿಯಲ್ಲಿರುವ ಸ್ತ್ರೀಯರಿಗೆ ಪ್ರಸೂತಿ ರಜೆಯಲ್ಲದೆ, ಸೇವಾವಧಿಯಲ್ಲಿ ಒಟ್ಟು ಆರು ತಿಂಗಳ ಶಿಶುಪಾಲನಾ ರಜೆಯೂ ೨೦೨೧ರಿಂದ ದೊರೆತಿದೆ.

ಇಲ್ಲಿ ಸ್ವಲ್ಪ ಅಂಕಗಣಿತವು ಅವಶ್ಯಕ. ಮಗುವಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂದು ವೈದ್ಯರ ನಿರ್ಣಯ. ಆರು ತಿಂಗಳೆಂದರೆ ಸುಮಾರು ೨೬ ವಾರ. ಹೆರಿಗೆಗೆ ಮುಂಚೆಯೇ ೮ ವಾರಗಳನ್ನು ಕಳೆದವಳಿಗೆ ಆಮೇಲೆ ಉಳಿಯುವುದು ೧೮ ವಾರ. ಆಕೆಯು ಶಾಲೆಗೆ ಹಿಂದಿರುಗುವಾಗ ಮಗುವಿಗೆ ನಾಲ್ಕು ತಿಂಗಳು ದಾಟಿರುತ್ತದೆ, ಅಷ್ಟೆ. ೪ ವಾರಗಳನ್ನು ಕಳೆದವಳ ಮಗುವಿಗೆ ಐದು ತಿಂಗಳು. ವೈದ್ಯರು ವಿಶ್ರಾಂತಿಯನ್ನು ವಿಧಿಸಿದ್ದರೆ ಬೇರೆ ಮಾತಿಲ್ಲ, ಅದನ್ನು ಪಾಲಿಸಲೇಬೇಕು. ದೇಹವು ಸ್ವಸ್ಥವಾಗಿದ್ದರೆ ಮುಂಚಿನ ಒಂದೊಂದು ವಾರವನ್ನೂ ಮುಂದಿನ ಶಿಶುವಿಗಾಗಿ ಉಳಿಸಿಟ್ಟುಕೊಳ್ಳುವುದು ಲೇಸು. ಜೂನ್ ೧ರಂದು ರಜೆಯನ್ನು ಆರಂಭಿಸಿದವಳಿಗೆ ಅದು ನವೆಂಬರ್ ೨೯ಕ್ಕೆ ತೀರುತ್ತದೆ. ದಸರೆಯ ರಜವು ಅದರ ಹೊಟ್ಟೆಯೊಳಗೆ ಹೋಗಿಬಿಡುತ್ತದೆ. ಚಳಿಗಾಲದಲ್ಲಿ ಹೆತ್ತವಳಿಗಾದರೋ ಬೇಸಿಗೆಯ ರಜವು ಕೆಲವೊಮ್ಮೆ ಬೆನ್ನಿಗೇ ಬಂದು ನೆರವಾಗುತ್ತದೆ. ಆದುದರಿಂದ ಪಂಚಾಂಗವನ್ನು ನೋಡುವ ಮನೆಯಲ್ಲಿ ಶಾಲೆಯ ವಾರ್ಷಿಕ ವೇಳಾಪಟ್ಟಿಯನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು.

ರಾಜೀನಾಮೆಯ ವಿಷಯ ಒಂದು ಮಾತು. ನನ್ನ ಕೈಕೆಳಗೆ ಓದಿದ ಒಬ್ಬ ಹುಡುಗಿಯು ಖಾಸಗಿ ಪಾಠಶಾಲೆಯೊಂದರಲ್ಲಿ ಎಂಟು ವರ್ಷ ಗಣಿತವನ್ನು ಹೇಳಿಕೊಟ್ಟಳು. ಗರ್ಭಿಣಿಯಾದಾಗ ಅಲ್ಲಿನ ಆಡಳಿತದವರು ಬಹು ಮೃದುವಾಗಿ, "ಈಗ ಬಿಟ್ಟುಬಿಡಿ, ಮಗು ನಡೆಯುವಂತಾದ ಮೇಲೆ ಬನ್ನಿ, ನಿಮ್ಮ ಸ್ಥಾನ ಎಲ್ಲಿಗೂ ಹೋಗುವುದಿಲ್ಲ" ಎಂದರು. ಆಕೆಯು ನಂಬಿ ಸಹಿಮಾಡಿದಳು. ಎರಡು ವರ್ಷದ ಮೇಲೆ ಹೋದಾಗ ಸ್ಥಾನವೇನೋ ಇತ್ತು. ಎಂಟು ವರ್ಷದ ಸೇವೆಯು ಇರಲಿಲ್ಲ. ಹೊಸದಾಗಿ ಬಂದವಳ ಸಂಬಳಕ್ಕೆ, ತನ್ನ ಹಿಂದೆ ಸೇರಿದವರ ಕೈಕೆಳಗೆ, ಮತ್ತೆ ಮೊದಲಿನಿಂದ ಆರಂಭಿಸಿದಳು. ಪ್ರಸೂತಿಯ ರಜೆಯಲ್ಲಿರುವವಳನ್ನು ಆ ಕಾರಣದಿಂದ ಕೆಲಸದಿಂದ ತೆಗೆಯುವುದು ಶಾಸನಕ್ಕೆ ವಿರುದ್ಧ. ಆದರೆ ತಾನಾಗಿಯೇ ಬಿಟ್ಟೆನೆಂದು ಬರೆದುಕೊಟ್ಟವಳಿಗೆ ಶಾಸನವು ನೆರವಾಗುವುದು ಬಲು ಕಷ್ಟ. ಬಾಯಿಮಾತಿನ ಆಶ್ವಾಸನೆಗೆ ಸಹಿಯ ಉತ್ತರವನ್ನು ಕೊಡತಕ್ಕುದಲ್ಲ. ರಜೆಯನ್ನು ಬರಹದಲ್ಲಿ ಕೇಳಿ, ಮಂಜೂರಾತಿಯನ್ನು ಬರಹದಲ್ಲಿಯೇ ಪಡೆಯಬೇಕು.

ರಜೆಯು ತೀರಿದ ಮೇಲೆ ಮೊದಲು ಎದುರಾಗುವುದು ಹಾಲಿನ ಪ್ರಶ್ನೆ. ಬೆಳಗ್ಗೆ ಹೊರಡುವ ಮುನ್ನ ಒಮ್ಮೆ, ಸಂಜೆ ಬಂದೊಡನೆ ಒಮ್ಮೆ, ರಾತ್ರಿ ಬೇಕೆಂದಾಗಲೆಲ್ಲ ಮಗುವಿಗೆ ಎದೆಯನ್ನು ಕೊಡಬಹುದು. ನಡುವಣ ಹೊತ್ತಿಗೆ ಹಾಲನ್ನು ಹಿಂಡಿಟ್ಟು ಹೋಗಬಹುದು. ಕೈಯನ್ನು ಸಾಬೂನಿನಿಂದ ತೊಳೆದು, ಕುದಿಸಿ ಶುದ್ಧಮಾಡಿದ ಮುಚ್ಚಳದ ಪಾತ್ರೆಯಲ್ಲಿ ಹಿಂಡಿದ ಹಾಲು ೨೫ ಡಿಗ್ರಿಯನ್ನು ಮೀರದ ಕೊಠಡಿಯಲ್ಲಿ ೪ ಗಂಟೆಯವರೆಗೆ ನಿಲ್ಲುತ್ತದೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಈ ಲೆಕ್ಕವನ್ನು ನಂಬಕೂಡದು. ಫ್ರಿಜ್ಜಿನಲ್ಲಿ ೪ ದಿನ ಇಡಬಹುದು. ಶಾಲೆಯಲ್ಲಿ ಹಿಂಡಿದುದನ್ನು ಮಂಜುಗಡ್ಡೆಯಿಟ್ಟ, ಶಾಖ ತಾಗದ ಚೀಲದಲ್ಲಿ ಮನೆಗೆ ತರಬಹುದು. ತಣ್ಣಗಿನ ಹಾಲನ್ನು ಒಲೆಯ ಮೇಲೆ ಕಾಯಿಸಬಾರದು. ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿ ಇಟ್ಟರೆ ಸಾಕು. ಮಗು ಕುಡಿದು ಬಿಟ್ಟ ಹಾಲನ್ನು ೨ ಗಂಟೆಯ ಮೇಲೆ ಚೆಲ್ಲಿಬಿಡಬೇಕು. ಕುಡಿಸುವುದಕ್ಕೆ ರಬ್ಬರಿನ ತೊಟ್ಟಿನ ಸೀಸೆಯೇ ಆಗಬೇಕೆಂದಿಲ್ಲ. ನಮ್ಮ ಅಜ್ಜಿಯರ ಕಾಲದ ಒಳಲೆಯು ಇನ್ನೂ ಅನೇಕ ಮನೆಗಳ ಅಟ್ಟದಲ್ಲಿದೆ. ತೊಳೆಯಲು ಸುಲಭ, ಕುದಿಸಲು ಸುಲಭ. ಮಗುವು ಎದೆಯ ಹಿಡಿತವನ್ನು ಮರೆಯುವ ಭಯವೂ ಕಡಿಮೆ.

ಆರನೆಯ ತಿಂಗಳ ಅನ್ನಪ್ರಾಶನವು ನಮ್ಮ ಗೃಹ್ಯಸೂತ್ರಗಳಲ್ಲಿಯೇ ವಿಹಿತವಾದುದು. ಇಂದಿನ ವೈದ್ಯರೂ ಅದೇ ಕಾಲವನ್ನು ಹೇಳುತ್ತಿರುವುದು ಸಂತೋಷದ ಸಂಗತಿ. ಆಗ ರಾಗಿ ಸರಿ, ಮೆತ್ತಗೆ ಹಿಸುಕಿದ ಅನ್ನ ಬೇಳೆ, ಬಾಳೆಹಣ್ಣು ಇವು ಬರುತ್ತವೆ. ತಾಯಿಯ ಹಗಲಿನ ಚಿಂತೆಯು ಅರ್ಧ ಇಳಿಯುತ್ತದೆ. ಎದೆಹಾಲು ಮಾತ್ರ ಎರಡು ವರ್ಷದವರೆಗೂ ಮುಂದುವರಿಯಬಹುದು. ಜಾತಕರ್ಮದಲ್ಲಿ ಜೇನನ್ನು ನೆಕ್ಕಿಸುವ ವಾಡಿಕೆಯು ಹಳೆಯದಾದರೂ, ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನು ಉಂಟುಮಾಡಬಲ್ಲುದು. ಶಾಸ್ತ್ರದ ಆಶಯವು ಶಿಶುವಿನ ಆಯುಷ್ಯವೇ ಆದುದರಿಂದ, ಇಲ್ಲಿ ವೈದ್ಯರ ಮಾತನ್ನು ಕೇಳಿದರೆ ಶಾಸ್ತ್ರವನ್ನು ಮೀರಿದಂತಾಗುವುದಿಲ್ಲ.

ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ಅಮರಕೋಶದಲ್ಲಿ ಧಾತ್ರಿಯೆಂಬ ಶಬ್ದಕ್ಕೆ ಉಪಮಾತೆ, ಭೂಮಿ, ನೆಲ್ಲಿ ಎಂಬ ಅರ್ಥಗಳಿವೆ. ದಾದಿಯನ್ನು ಭೂಮಿಯೊಡನೆ ಒಂದೇ ಶಬ್ದದಲ್ಲಿ ಕರೆದವರು ಆಕೆಯನ್ನು ಕೀಳಾಗಿ ಕಂಡಿರಲಾರರು. ಅಜ್ಜಿಯಾಗಲಿ, ಸಂಬಳಕ್ಕೆ ಬರುವ ಹೆಂಗಸಾಗಲಿ, ಆಕೆಯ ಕೆಲಸವು ಶಾಲೆಯ ಕೆಲಸಕ್ಕಿಂತ ಹಗುರವಲ್ಲವೆಂದು ತಿಳಿದು ನಡೆಯಬೇಕು. ಅತ್ತೆಯವರ ವಯಸ್ಸನ್ನೂ ಸೊಂಟನೋವನ್ನೂ ವಿಚಾರಿಸದೆ ಕೂಸನ್ನು ಕೈಗಿಟ್ಟು ಹೋಗುವುದು ಸೊಸೆಗೂ ಮಗನಿಗೂ ಶೋಭಿಸದು. ೫೦ ಮಂದಿಗೆ ಕಡಿಮೆಯಿಲ್ಲದೆ ಕೆಲಸಮಾಡುವ ಸಂಸ್ಥೆಯು ಶಿಶುಗೃಹವನ್ನು ಏರ್ಪಡಿಸಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದೆಂದೂ, ಮಗುವಿಗೆ ೧೫ ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮಗಳನ್ನು ಕೊಡಬೇಕೆಂದೂ ವಿಧಿಯಿದೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮಪಂಚಾಯಿತಿಗಳಲ್ಲಿ ೨೦೨೩ರಿಂದ "ಕೂಸಿನ ಮನೆ"ಗಳು ಆದುವು. ಅಕ್ಷರವನ್ನು ಕಲಿಸುವವಳ ಕೂಸಿಗೆ ಶಾಲೆಯ ಆವರಣದಲ್ಲಿಯೇ ಒಂದು ಮೂಲೆಯು ದೊರೆಯದಿರುವುದು ನಾಚಿಕೆಯ ವಿಷಯ.

ಎಂಟನೆಯ ತಿಂಗಳ ಸುಮಾರಿಗೆ ಮಗುವು ತಾಯಿಯು ಹೊರಡುವುದನ್ನು ಕಂಡು ಅಳತೊಡಗುತ್ತದೆ. ಅಲ್ಲಿಯವರೆಗೆ ಯಾರ ಕೈಗಾದರೂ ನಗುತ್ತ ಹೋಗುತ್ತಿದ್ದ ಕೂಸು ಹೀಗೇಕಾಯಿತೆಂದು ತಾಯಿಯು ಕಳವಳಪಡುತ್ತಾಳೆ. ನೆರೆಯವರು "ಕೆಲಸಕ್ಕೆ ಹೋದುದರ ಫಲ" ಎನ್ನುತ್ತಾರೆ. ಇದು ಮನೆಯಲ್ಲಿಯೇ ಇರುವ ತಾಯಂದಿರ ಮಕ್ಕಳಲ್ಲಿಯೂ ಕಾಣುವ, ಬುದ್ಧಿಯು ಬೆಳೆಯುತ್ತಿರುವುದರ ಲಕ್ಷಣ. ಕಣ್ಣಿಗೆ ಮರೆಯಾದವಳು ಎಲ್ಲಿಯೋ ಇದ್ದಾಳೆಂಬುದು ಅದಕ್ಕೆ ಆಗ ತಾನೆ ತಿಳಿಯುತ್ತಿದೆ. ಅಳುವಿಗೆ ಹೆದರಿ ಹಿತ್ತಲ ಬಾಗಿಲಿನಿಂದ ಕಣ್ತಪ್ಪಿಸಿ ಹೋಗತಕ್ಕುದಲ್ಲ. "ಶಾಲೆಗೆ ಹೋಗಿ ಬರುತ್ತೇನೆ, ಕಂದ" ಎಂದು ದಿನವೂ ಅದೇ ಮಾತನ್ನು ಹೇಳಿ ಮುಂಬಾಗಿಲಿನಿಂದ ಹೋಗಿ, ಹೇಳಿದಂತೆಯೇ ಬರಬೇಕು. ಸತ್ಯದ ಮೊದಲ ಪಾಠವು ಮಗುವಿಗೆ ಆಗುವುದು ಆ ಹೊಸಿಲಿನಲ್ಲಿ.

ಇನ್ನು ಶಾಲೆಯ ಕೆಲಸ. ಉಪಾಧ್ಯಾಯರ ರಾತ್ರಿಯನ್ನು ತಿನ್ನುವುದು ಪಾಠವಲ್ಲ, ತಿದ್ದುವ ಪುಸ್ತಕಗಳ ಕಟ್ಟು. ೪೦ ಮಕ್ಕಳ ಮೂರು ತರಗತಿಗಳೆಂದರೆ ೧೨೦ ಪುಸ್ತಕ. ಒಂದಕ್ಕೆ ೩ ನಿಮಿಷವೆಂದರೂ ೬ ಗಂಟೆ. ಇದನ್ನು ಭಾನುವಾರಕ್ಕೆ ಕೂಡಿಟ್ಟರೆ ಭಾನುವಾರವು ಮಗುವಿನದಾಗಿ ಉಳಿಯುವುದಿಲ್ಲ. ದಿನಕ್ಕೆ ೩೦ರಂತೆ ಹಂಚಿಕೊಂಡು ಬಿಡುವಿನ ಅವಧಿಗಳಲ್ಲಿ ಶಾಲೆಯಲ್ಲಿಯೇ ತಿದ್ದಿದರೆ ನಾಲ್ಕು ದಿನಕ್ಕೆ ಕೆಲಸವು ಮುಗಿಯುತ್ತದೆ. ಉಕ್ತಲೇಖನವನ್ನೂ ಲೆಕ್ಕದ ಉತ್ತರಗಳನ್ನೂ ಮಕ್ಕಳು ಪುಸ್ತಕಗಳನ್ನು ಬದಲಾಯಿಸಿಕೊಂಡು, ಹಲಗೆಯ ಮೇಲಿನ ಉತ್ತರವನ್ನು ನೋಡಿ ತಾವೇ ತಿದ್ದಬಲ್ಲರು. ಪ್ರಬಂಧವನ್ನು ಮಾತ್ರ ಉಪಾಧ್ಯಾಯಿನಿಯೇ ನೋಡಬೇಕು. ಹಿಂದಿನ ವರ್ಷಗಳ ಪಾಠಟಿಪ್ಪಣಿಯಿದ್ದರೆ ಈ ವರ್ಷ ಅದರಿಂದಲೇ ನಡೆಸಬಹುದು. ವಾರ್ಷಿಕೋತ್ಸವದ ನಾಟಕ, ಪ್ರವಾಸ, ಕೈಬರಹದ ಪತ್ರಿಕೆ ಇವುಗಳನ್ನು ಒಂದು ವರ್ಷ ಇತರರು ಹೊರಲಿ. ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಗಳು ರಜೆಯಲ್ಲಿಯೇ ಮುಗಿಯುತ್ತವೆ. ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡಿಸುವ ದಡಾರದ ಲಸಿಕೆಗೂ, ಹೇಳದೆ ಬರುವ ಜ್ವರಕ್ಕೂ ಸಾಂದರ್ಭಿಕ ರಜೆಯನ್ನು ಕೂಡಿಟ್ಟುಕೊಂಡಿರಬೇಕು.

ಮುಖ್ಯೋಪಾಧ್ಯಾಯರಿಗೂ ನನ್ನದೊಂದು ವಿಜ್ಞಾಪನೆ. ವೇಳಾಪಟ್ಟಿಯನ್ನು ಬರೆಯುವ ಸೀಸದ ಕಡ್ಡಿಯು ತಮ್ಮ ಕೈಯಲ್ಲಿದೆ. ಆಕೆಗೆ ಬೆಳಗಿನ ಮೊದಲ ಅವಧಿಯನ್ನು ಬಿಡುವಾಗಿ ಕೊಟ್ಟರೆ, ಮಧ್ಯಾಹ್ನದ ಊಟಕ್ಕೆ ಹೊಂದಿಕೊಂಡಂತೆ ಮತ್ತೊಂದು ಬಿಡುವನ್ನು ಇಟ್ಟರೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಶುಚಿಯಾದ ಕೊಠಡಿಯನ್ನು ತೋರಿಸಿದರೆ ಶಾಲೆಗೆ ಕಾಸಿನ ಖರ್ಚಿಲ್ಲ. ಹಾಲು ಕಟ್ಟಿದ ನೋವಿನಲ್ಲಿ ಸೆರಗನ್ನು ಎಳೆದುಕೊಳ್ಳುತ್ತ ಪಾಠ ಹೇಳುವವಳ ಸಂಕಟವನ್ನು ಆಕೆಯು ಬಾಯಿಬಿಟ್ಟು ಹೇಳಲಾರಳು. ಕೇಳುವ ಮೊದಲೇ ತಿಳಿದು ನಡೆಯುವುದು ಹಿರಿಯರ ಲಕ್ಷಣ. ಹತ್ತು ವರ್ಷದ ಅನುಭವವುಳ್ಳ ಉಪಾಧ್ಯಾಯಿನಿಯನ್ನು ಕಳೆದುಕೊಂಡರೆ ಮತ್ತೆ ಅಂಥವಳನ್ನು ಪಡೆಯಲು ಹತ್ತು ವರ್ಷವೇ ಬೇಕು.

ಕೊನೆಯದಾಗಿ ಮನೆಯ ಯಜಮಾನರಿಗೆ. ಕರ್ನಾಟಕದ ಸರ್ಕಾರಿ ನೌಕರನಾದ ತಂದೆಗೆ ೧೫ ದಿನಗಳ ಪಿತೃತ್ವ ರಜೆಯುಂಟು. ಅದನ್ನು ನಾಮಕರಣದ ಆಮಂತ್ರಣಗಳನ್ನು ಹಂಚುವುದರಲ್ಲಿ ಮುಗಿಸಬಾರದು. "ಹೆಂಡತಿಗೆ ಸಹಾಯಮಾಡುತ್ತೇನೆ" ಎಂಬ ಮಾತನ್ನೇ ಬಿಡುವುದು ಒಳ್ಳೆಯದು. ತನ್ನ ಮಗುವನ್ನು ತಾನು ನೋಡಿಕೊಳ್ಳುವುದು ಯಾರಿಗೆ ಮಾಡುವ ಸಹಾಯ? ಬೆಳಗಿನ ಜಾವದ ಒಂದು ಸರದಿ, ಮಗುವಿನ ಬಟ್ಟೆ, ಒಳಲೆ ಪಾತ್ರೆಗಳನ್ನು ಕುದಿಸುವುದು, ಸಂಜೆಯ ಅಡಿಗೆ, ಇವುಗಳಲ್ಲಿ ಕೆಲವನ್ನು ಪೂರ್ತಿಯಾಗಿ ತನ್ನವೆಂದು ವಹಿಸಿಕೊಳ್ಳಬೇಕು. ಪ್ರತಿದಿನವೂ ಹೇಳಿಸಿಕೊಂಡು ಮಾಡುವ ಕೆಲಸದಿಂದ ಹೇಳುವವಳ ಭಾರವು ಇಳಿಯದು. ಹೆರಿಗೆಯಾದ ಮೇಲೆ ತಾಯಿಯ ಅಳುವೂ ಖಿನ್ನತೆಯೂ ಎರಡು ವಾರಗಳನ್ನು ಮೀರಿ ನಿಂತರೆ ಅದನ್ನು ಗರ್ವವೆಂದಾಗಲಿ ಸೋಮಾರಿತನವೆಂದಾಗಲಿ ಎಣಿಸದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕುದು. ಅದು ಗುಣವಾಗುವ ರೋಗ; ಅಲಕ್ಷ್ಯವೇ ಅದನ್ನು ಬೆಳೆಸುವುದು.

ಶಿಶುವಿನ ಮೊದಲ ವರ್ಷವು ೩೬೫ ದಿನಗಳದು. ಉಪಾಧ್ಯಾಯಿನಿಯ ಸೇವೆಯು ಮೂವತ್ತು ವರ್ಷಗಳದು. ಚಿಕ್ಕದಾದ ಒಂದು ಕಾಲವನ್ನು ನಾಲ್ಕಾರು ಜನರು ಸೇರಿ ಹೊತ್ತರೆ ದೊಡ್ಡದಾದ ಇನ್ನೊಂದು ಉಳಿಯುತ್ತದೆ. ತಾಯಿಯೊಬ್ಬಳೇ ಹೊತ್ತರೆ ಎರಡರಲ್ಲೊಂದು ಕೆಳಗೆ ಬೀಳುವುದು, ಕೆಲವೊಮ್ಮೆ ಆಕೆಯೇ ಬೀಳುವಳು. ವಿದ್ಯೆಯನ್ನು ಕೊಡುವವಳ ಮನೆಯಲ್ಲಿ ನಗುವ ಕೂಸೂ, ಆಕೆಯ ತರಗತಿಯಲ್ಲಿ ಕಲಿಯುವ ಮಕ್ಕಳೂ ಏಕಕಾಲದಲ್ಲಿ ಬೆಳೆಯುವಂತಾಗಲಿ. ಅದಕ್ಕೆ ಬೇಕಾದ ವಿವೇಕವು ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ನೆಲೆಗೊಳ್ಳಲಿ.